ಏನೂ ನಡೆಯದ ಸಿನಿಮಾಗಳನ್ನು ನೋಡುವುದು ಹೇಗೆ: ಓಜು ಚಿತ್ರಗಳಿಗೆ ಒಂದು ದಾರಿ

ಜಪಾನಿನ ನಿರ್ದೇಶಕ ಯಾಸುಜಿರೋ ಓಜು ಅವರ 'ಟೋಕಿಯೋ ಸ್ಟೋರಿ'ಯನ್ನು ಮೊದಲ ಸಲ ನೋಡಿದಾಗ ನಾನು ನಡುವೆ ನಿದ್ದೆ ಹೋಗಿದ್ದೆ. ಎಚ್ಚರವಾದಾಗ ಪರದೆಯ ಮೇಲೆ ಅದೇ ಮುದುಕ, ಅದೇ ಮುದುಕಿ, ಅದೇ ಬೀಸಣಿಗೆ. ಏನೂ ತಪ್ಪಿಹೋಗಿಲ್ಲ ಎಂದುಕೊಂಡು ಮುಂದೆ ನೋಡಿದೆ. ಎರಡು ವರ್ಷದ ನಂತರ ಮತ್ತೆ ನೋಡಿದಾಗ ತಿಳಿಯಿತು, ನಾನು ತೂಕಡಿಸಿದ ಆ ಇಪ್ಪತ್ತು ನಿಮಿಷದಲ್ಲಿ ಮಕ್ಕಳು ಹೆತ್ತವರನ್ನು ಮನೆಯಿಂದ ಸಾಗಹಾಕಿದ್ದರು. ಯಾರೂ ದನಿ ಎತ್ತಿರಲಿಲ್ಲ, ಬಾಗಿಲು ದಡಾರನೆ ಮುಚ್ಚಿರಲಿಲ್ಲ. ಹಾಗಾಗಿ ನನಗೆ ಎಚ್ಚರವೂ ಆಗಿರಲಿಲ್ಲ.

ಓಜು ಚಿತ್ರಗಳಲ್ಲಿ ಏನೂ ನಡೆಯುವುದಿಲ್ಲ ಎಂಬ ದೂರನ್ನು ಈಗಲೂ ಕೇಳುತ್ತೇನೆ. ನಡೆಯುತ್ತದೆ. ಆದರೆ ನಡೆದದ್ದನ್ನು ಅವರು ನಮ್ಮ ಕಣ್ಣಿಗೆ ಕಾಣದಂತೆ ಪಕ್ಕಕ್ಕೆ ಇಡುತ್ತಾರೆ. ಅದನ್ನು ಹುಡುಕಿಕೊಳ್ಳುವ ಕೆಲಸ ನಮ್ಮದು. ಈ ಕೆಲಸಕ್ಕೆ ಸಿನಿಮಾ ಪಾಂಡಿತ್ಯ ಬೇಡ, ಒಂದಿಷ್ಟು ಅಭ್ಯಾಸ ಬೇಕು. ನಾನು ಎಡವಿ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: 'ಟೋಕಿಯೋ ಸ್ಟೋರಿ'ಯಿಂದ ಶುರು ಮಾಡಬೇಡಿ

ಎಲ್ಲ ಪಟ್ಟಿಗಳೂ ಅದನ್ನೇ ಮೊದಲು ಹೇಳುತ್ತವೆ. 2012ರಲ್ಲಿ ಬ್ರಿಟನ್ನಿನ ಸಿನಿಮಾ ಪತ್ರಿಕೆ 'ಸೈಟ್ ಅಂಡ್ ಸೌಂಡ್' ಜಗತ್ತಿನ ನಿರ್ದೇಶಕರ ಮತ ಕೇಳಿದಾಗ ಮೊದಲ ಸ್ಥಾನ ಸಿಕ್ಕಿದ್ದು ಅದಕ್ಕೇ. ಆದರೆ ಹೊಸಬರಿಗೆ 136 ನಿಮಿಷದ ಆ ಚಿತ್ರ ಕಡಿದಾದ ಏರು. ಮೊದಲು 1959ರ 'ಗುಡ್ ಮಾರ್ನಿಂಗ್' ನೋಡಿ. ಬಣ್ಣದ ಚಿತ್ರ, ಒಂದೂವರೆ ಗಂಟೆ ಚಿಲ್ಲರೆ. ಹೊಟ್ಟೆಯ ಗಾಳಿ ಬಿಡುವುದನ್ನೇ ದೊಡ್ಡ ಪಂದ್ಯ ಮಾಡಿಕೊಂಡ ಹುಡುಗರಿದ್ದಾರೆ. ಗಂಭೀರ ಕಲಾವಿದನೆಂದು ಕೈಮುಗಿದು ಕೂತವರು ಇಲ್ಲಿ ಪೇಚಿಗೆ ಬೀಳುತ್ತಾರೆ, ಅದೇ ಒಳ್ಳೆಯದು.

ಕತೆ ಇಷ್ಟೇ. ಮನೆಗೆ ಟಿ.ವಿ. ಬೇಕೆಂದು ಇಬ್ಬರು ಅಣ್ಣತಮ್ಮಂದಿರು ಹಟ ಹಿಡಿಯುತ್ತಾರೆ. ಜಾಸ್ತಿ ಮಾತಾಡಬೇಡ ಎಂದು ಅಪ್ಪ ಗದರುತ್ತಾನೆ. ದೊಡ್ಡವರೇ ಅಲ್ಲವೇ ಬೇಡದ ಮಾತು ಆಡುವವರು, ಶುಭೋದಯ, ಒಳ್ಳೆಯ ಬಿಸಿಲು, ಎಲ್ಲಿಗೆ ಹೊರಟಿರಿ, ಇಲ್ಲೇ ಹೀಗೆ, ಎಂದು ಹುಡುಗ ತಿರುಗಿ ಹೇಳಿ ಮೌನವ್ರತ ಹಿಡಿಯುತ್ತಾನೆ. 'ಊಟ ಆಯಿತೇ' ಎಂದು ಕೇಳಿ ಉತ್ತರಕ್ಕೆ ಕಾಯದೆ ಮುಂದೆ ಹೋಗುವ ನಮಗೆ ಈ ಜಗಳ ಯಾರೂ ವಿವರಿಸಬೇಕಿಲ್ಲ. ಕೊನೆಯಲ್ಲಿ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುವ ತರುಣ ಮತ್ತು ಅವರ ಚಿಕ್ಕಮ್ಮ ರೈಲು ನಿಲ್ದಾಣದಲ್ಲಿ ಎದುರಾಗುತ್ತಾರೆ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಮನಸ್ಸಿದೆ. ಆದರೆ ಅವರು ಮಾತಾಡುವುದು ಮೋಡದ ಆಕಾರದ ಬಗ್ಗೆ, ಹವೆಯ ಬಗ್ಗೆ. ಹುಡುಗ ಬೈದ ಬೇಡದ ಮಾತೇ ಇಲ್ಲಿ ಪ್ರೀತಿಯನ್ನು ಹೊತ್ತು ತಿರುಗುತ್ತದೆ. ಈ ದೃಶ್ಯ ಹಿಡಿಸಿತೆಂದರೆ ಓಜು ಲೋಕದ ಬಾಗಿಲು ತೆರೆದಂತೆಯೇ ಸರಿ.

ಆಮೇಲೆ 'ಲೇಟ್ ಸ್ಪ್ರಿಂಗ್' (1949), 'ಅರ್ಲಿ ಸಮ್ಮರ್' (1951), 'ಟೋಕಿಯೋ ಸ್ಟೋರಿ' (1953), ಕೊನೆಗೆ 'ಆ್ಯನ್ ಆಟಮ್ ಆಫ್ಟರ್‌ನೂನ್' (1962). ವಾರಕ್ಕೆ ಒಂದೇ ಸಾಕು. ಸಾಲಾಗಿ ನೋಡಿದರೆ ಒಂದರೊಳಗೊಂದು ಕಲಸಿಹೋಗುತ್ತವೆ, ಅದಕ್ಕೆ ಕಾರಣವೂ ಇದೆ. ಈ ಐದರಲ್ಲೂ ನಟ ಚಿಶೂ ರ್ಯೂ ಇದ್ದಾರೆ, ಹೆಚ್ಚಿನವುಗಳಲ್ಲಿ ಅಪ್ಪನಾಗಿ. ನಡುವಿನ ಮೂರರಲ್ಲಿ ಸೆಟ್ಸುಕೋ ಹಾರಾ, ಮೂರರಲ್ಲೂ ಆಕೆಯ ಪಾತ್ರದ ಹೆಸರು ನೊರಿಕೊ, ಆದರೆ ಮೂವರೂ ಬೇರೆ ಬೇರೆ ಹೆಣ್ಣುಗಳು. ಹಿರಾಯಾಮಾ ಎಂಬ ಮನೆತನದ ಹೆಸರೂ ಹೀಗೆಯೇ ಚಿತ್ರದಿಂದ ಚಿತ್ರಕ್ಕೆ ಓಡಾಡುತ್ತದೆ. ಋತುಗಳ ಹೆಸರಿನ ಶೀರ್ಷಿಕೆಗಳಂತೂ ಯಾರ ನೆನಪನ್ನೂ ಕೆಡಿಸುತ್ತವೆ. ಹುಡುಕುವಾಗ ವರ್ಷ ನೋಡಿಕೊಳ್ಳುವುದೇ ಸುಲಭ.

ತಾನು ತೋಫು (ಸೋಯಾ ಹಾಲಿನ ಗಿಣ್ಣು) ಮಾಡುವವನು, ಬೇರೆ ತಿಂಡಿ ತನ್ನ ಅಂಗಡಿಯಲ್ಲಿ ಸಿಗದು ಎಂಬರ್ಥದ ಮಾತನ್ನು ಓಜು ಹೇಳುತ್ತಿದ್ದರು. ಒಂದೇ ಕತೆಯನ್ನು ಮತ್ತೆ ಮತ್ತೆ ಮಾಡಿದರು ಎಂಬುದು ಟೀಕೆಯಾದರೆ, ಅದನ್ನು ಅವರೇ ಮೊದಲು ಒಪ್ಪಿಕೊಂಡಿದ್ದರು.

ಎರಡನೆಯ ಹೆಜ್ಜೆ: ನೆಲದ ಮೇಲೆ ಕುಳಿತು ನೋಡಿ

ತಮಾಷೆಗೆ ಹೇಳುತ್ತಿಲ್ಲ. ಹತ್ತು ನಿಮಿಷವಾದರೂ ಸೋಫಾ ಬಿಟ್ಟು ಕೆಳಗೆ ಕೂರಿ. ಓಜು ಅವರ ಕ್ಯಾಮೆರಾ ಇರುವುದು ನೆಲಕ್ಕೆ ಹತ್ತಿರದಲ್ಲಿ. ಅವರ ಛಾಯಾಗ್ರಾಹಕ ಯೂಹಾರು ಅತ್ಸುತಾ ಹೊಟ್ಟೆಯಡಿಯಾಗಿ ಮಲಗಿ ಕ್ಯಾಮೆರಾದಲ್ಲಿ ಇಣುಕಬೇಕಾಗುತ್ತಿತ್ತು. ಮಸೂರ ಹೆಚ್ಚುಕಡಿಮೆ ಯಾವಾಗಲೂ 50 ಮಿಲಿಮೀಟರಿನದು. ಚಾಪೆಯ ಮೇಲೆ ಕುಳಿತ ಜಪಾನಿಯ ಕಣ್ಣಿನ ಎತ್ತರ ಅದು ಎಂದು ಪುಸ್ತಕಗಳು ಹೇಳುತ್ತವೆ. ಅರ್ಧ ನಿಜ. ಕುರ್ಚಿ ಮೇಜುಗಳಿರುವ ಕಚೇರಿಯಲ್ಲಿ, ಯಾರೂ ನೆಲದ ಮೇಲೆ ಕೂರದ ಓಣಿಯಲ್ಲಿ ಕೂಡ ಕ್ಯಾಮೆರಾ ಅಷ್ಟೇ ತಗ್ಗಿನಲ್ಲಿ ನಿಂತಿರುತ್ತದೆ. ನನಗನಿಸುವ ಕಾರಣ ಬೇರೆ: ತಗ್ಗಿನಿಂದ ನೋಡಿದಾಗ ಮನೆ ಪದರಪದರವಾಗಿ ತೆರೆದುಕೊಳ್ಳುತ್ತದೆ. ಬಾಗಿಲಿನಾಚೆ ಇನ್ನೊಂದು ಬಾಗಿಲು, ಅದರಾಚೆ ಅಡುಗೆಮನೆ, ಅಲ್ಲಿ ಯಾರದೋ ಬೆನ್ನು. ಜನ ಈ ಚೌಕಟ್ಟುಗಳ ಒಳಗೆ ಬರುತ್ತಾರೆ, ಹೋಗುತ್ತಾರೆ, ಚೌಕಟ್ಟು ಅಲ್ಲೇ ಉಳಿಯುತ್ತದೆ.

ಕ್ಯಾಮೆರಾ ಚಲಿಸಿದಾಗ ಒಂದು ಕಡೆ ಗುರುತು ಹಾಕಿಕೊಳ್ಳಿ. 'ಲೇಟ್ ಸ್ಪ್ರಿಂಗ್'ನಲ್ಲಿ ಸಮುದ್ರದ ದಂಡೆಯ ಸೈಕಲ್ ಸವಾರಿಯ ಜೊತೆ ಅದು ಓಡುತ್ತದೆ. ವರ್ಷ ಕಳೆದಂತೆ ಇದೂ ಕಡಿಮೆಯಾಗುತ್ತ, 1958ರಿಂದ ಮಾಡಿದ ಆರು ಬಣ್ಣದ ಚಿತ್ರಗಳಲ್ಲಿ ಕ್ಯಾಮೆರಾ ಒಮ್ಮೆಯೂ ಕದಲುವುದಿಲ್ಲ.

ಇನ್ನೊಂದು ಪರೀಕ್ಷೆ. ಇಬ್ಬರು ಎದುರುಬದುರು ಕುಳಿತು ಮಾತಾಡುವಾಗ ಚಿತ್ರವನ್ನು ನಿಲ್ಲಿಸಿ ಅವರ ಕಣ್ಣು ಯಾವ ಕಡೆಗಿದೆ ನೋಡಿ. ಸಾಮಾನ್ಯ ಸಿನಿಮಾದಲ್ಲಿ ಒಬ್ಬರು ಎಡಕ್ಕೆ ನೋಡಿದರೆ ಇನ್ನೊಬ್ಬರು ಬಲಕ್ಕೆ ನೋಡುತ್ತಾರೆ. ಓಜು ಇದಕ್ಕೆ ಸೊಪ್ಪು ಹಾಕಲಿಲ್ಲ. ಇಬ್ಬರೂ ಒಂದೇ ಕಡೆ, ಹೆಚ್ಚುಕಡಿಮೆ ನಮ್ಮ ಮುಖಕ್ಕೇ ನೋಡುತ್ತ ಮಾತಾಡುತ್ತಾರೆ. ಮೊದಲ ಅರ್ಧ ಗಂಟೆ ಮುಜುಗರವಾಗುತ್ತದೆ. ನಂತರ ನೀವು ಅವರ ಪಂಕ್ತಿಯಲ್ಲೇ ಕುಳಿತಿರುತ್ತೀರಿ.

ಮೂರನೆಯ ಹೆಜ್ಜೆ: ಖಾಲಿ ಚಿತ್ರಿಕೆ (ಶಾಟ್) ಬಂದಾಗ ಮುಂದಕ್ಕೆ ಓಡಿಸಬೇಡಿ

ಒಂದು ದೃಶ್ಯ ಮುಗಿದು ಇನ್ನೊಂದು ಶುರುವಾಗುವ ನಡುವೆ ಕಾರ್ಖಾನೆಯ ಚಿಮಣಿ, ಒಣಹಾಕಿದ ಬಟ್ಟೆ, ಓಣಿಯ ಕೊನೆಯ ದೀಪ, ಸಾಗಿಹೋಗುವ ರೈಲು ಇವು ಬರುತ್ತವೆ. ಜನ ಇಲ್ಲ, ಕತೆಯೂ ಇಲ್ಲ. ಹಳೆಯ ಜಪಾನಿ ಕಾವ್ಯದಲ್ಲಿ ಪದವೊಂದಕ್ಕೆ ಮೊದಲು ದಿಂಬಿನಂತೆ ಬರುವ ವಿಶೇಷಣಗಳಿವೆ. ಅದನ್ನು ನೆನೆದು ನೋಯೆಲ್ ಬರ್ಚ್ ಎಂಬ ವಿಮರ್ಶಕರು ಇವುಗಳಿಗೆ 'ದಿಂಬಿನ ಚಿತ್ರಿಕೆ' ಎಂದು ಹೆಸರಿಟ್ಟರು. ಮೊಬೈಲ್ ಕೈಗೆತ್ತಿಕೊಳ್ಳುವ ಆಸೆ ಬರುವುದು ಇಲ್ಲಿಯೇ. ತಡೆದುಕೊಳ್ಳಿ.

ಇವುಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು 'ಲೇಟ್ ಸ್ಪ್ರಿಂಗ್'ನ ಹೂದಾನಿ. ಮದುವೆಗೆ ಮೊದಲು ಅಪ್ಪ ಮಗಳು ಕ್ಯೋಟೋಗೆ ಕೊನೆಯ ಪ್ರವಾಸ ಹೋಗಿದ್ದಾರೆ. ರಾತ್ರಿ ಛತ್ರದ ಕೋಣೆಯಲ್ಲಿ ಇಬ್ಬರೂ ಮಲಗಿದ್ದಾರೆ. ಮಗಳು ಏನೋ ಹೇಳುತ್ತಿರುವಾಗಲೇ ಅಪ್ಪನ ಗೊರಕೆ ಕೇಳಿಸುತ್ತದೆ. ಅವಳ ಮುಖದಲ್ಲಿ ನಗು. ನಂತರ ಕೋಣೆಯ ಮೂಲೆಯ ಹೂದಾನಿ, ಹಿಂದೆ ಕಾಗದದ ಪರದೆಯ ಮೇಲೆ ಬಿದಿರಿನ ನೆರಳು. ಮತ್ತೆ ಅವಳ ಮುಖಕ್ಕೆ ಬಂದರೆ ನಗು ಹೋಗಿ ಕಣ್ಣು ತುಂಬಿದೆ. ಮತ್ತೆ ಹೂದಾನಿ. ಈ ಹೂದಾನಿಯ ಅರ್ಥವೇನೆಂದು ವಿದ್ವಾಂಸರು ದಶಕಗಳಿಂದ ಹಗ್ಗಜಗ್ಗಾಟ ಮಾಡಿದ್ದಾರೆ. ನಿರ್ವಾಣ ಎಂದವರುಂಟು, ಸುಮ್ಮನೆ ಒಂದು ಹೂದಾನಿ ಎಂದವರುಂಟು. ನನಗೆ ಅರ್ಥಕ್ಕಿಂತ ಮುಖ್ಯವಾದದ್ದು ಬಿಡುವು. ನಗು ಅಳುವಾಗುವ ಹೊತ್ತನ್ನು ಓಜು ತೋರಿಸಲಿಲ್ಲ. ಆ ಹೊತ್ತಿಗೆ ಸರಿಯಾಗಿ ಮುಖ ತಿರುಗಿಸಿದರು, ಮನೆಗೆ ಬಂದ ಸಭ್ಯ ನೆಂಟ ಮಾಡುವ ಹಾಗೆ.

ನಾಲ್ಕನೆಯ ಹೆಜ್ಜೆ: ಕಾಣದೇ ಹೋದದ್ದರ ಪಟ್ಟಿ ಮಾಡಿ

ಒಂದನ್ನೇ ಮಾಡುವಷ್ಟು ಪುರುಸೊತ್ತು ಇರುವವರು ಇದನ್ನು ಮಾಡಿ. ಚಿತ್ರ ಮುಗಿದ ಮೇಲೆ ಒಂದು ಹಾಳೆಯಲ್ಲಿ, ಕತೆಯಲ್ಲಿ ನಡೆದರೂ ಪರದೆಯ ಮೇಲೆ ಕಾಣದ ಘಟನೆಗಳನ್ನು ಬರೆಯಿರಿ.

'ಲೇಟ್ ಸ್ಪ್ರಿಂಗ್' ಇಡೀ ಚಿತ್ರ ಮಗಳ ಮದುವೆಯ ಸುತ್ತ ಸುತ್ತುತ್ತದೆ. ಒಪ್ಪಿಸುವುದು, ಅಳುವುದು, ಅಪ್ಪ ತಾನೂ ಮರುಮದುವೆಯಾಗುತ್ತೇನೆಂದು ಸುಳ್ಳು ಹೇಳುವುದು, ಎಲ್ಲವೂ ಇದೆ. ಹುಡುಗಿ ಮದುಮಗಳ ಉಡುಪಿನಲ್ಲಿ ಅಪ್ಪನೆದುರು ಕುಳಿತು ಕೃತಜ್ಞತೆ ಹೇಳಿ ಎದ್ದು ಹೋಗುತ್ತಾಳೆ. ಮುಂದಿನ ದೃಶ್ಯದಲ್ಲಿ ಮದುವೆ ಮುಗಿದಿದೆ. ಮದುವೆಯೂ ಇಲ್ಲ, ವರನ ಮುಖವೂ ಇಲ್ಲ. ಮದುವೆಯ ಸಿನಿಮಾ ಎಂದರೆ ಓಲಗ ಊದಲೇಬೇಕು, ಧಾರೆ ಎರೆಯಲೇಬೇಕು ಎಂದು ಬೆಳೆದ ನಮಗೆ ಇದು ಊಟದ ಎಲೆ ಹಾಕಿ ಅನ್ನ ಬಡಿಸದಂತೆ. ಆದರೆ ಚಿತ್ರ ಯಾರದ್ದು ಎಂಬುದನ್ನು ಈ ಬಿಟ್ಟುಬಿಡುವಿಕೆ ಹೇಳಿಬಿಡುತ್ತದೆ. ವರನದ್ದಲ್ಲ. ಖಾಲಿ ಮನೆಗೆ ಹಿಂತಿರುಗಿ ಒಬ್ಬನೇ ಸೇಬು ಸುಲಿಯುವ ಅಪ್ಪನದ್ದು. ಸುಲಿದ ಸಿಪ್ಪೆ ಕೆಳಗೆ ಬೀಳುತ್ತದೆ, ಅವನ ತಲೆ ಬಾಗುತ್ತದೆ. ಅಲ್ಲಿ ಬಿಕ್ಕಿ ಅಳಬೇಕೆಂದು ಓಜು ಹೇಳಿದ್ದರಂತೆ, ತನ್ನಿಂದಾಗದು ಎಂದರಂತೆ ರ್ಯೂ. ಆ 'ಆಗದು' ಚಿತ್ರಕ್ಕೆ ಒಳ್ಳೆಯದನ್ನೇ ಮಾಡಿದೆ.

'ಟೋಕಿಯೋ ಸ್ಟೋರಿ'ಯ ಪಟ್ಟಿ ಇನ್ನೂ ಉದ್ದ. ಓನೊಮಿಚಿ ಎಂಬ ಬಂದರು ಊರಿನಿಂದ ಅಪ್ಪ ಅಮ್ಮ ಟೋಕಿಯೋದ ಮಕ್ಕಳನ್ನು ನೋಡಲು ಬರುತ್ತಾರೆ. ಹಿರಿಮಗ ವೈದ್ಯ, ಮಗಳದು ಕೇಶಾಲಂಕಾರದ ಅಂಗಡಿ, ಇಬ್ಬರಿಗೂ ಪುರುಸೊತ್ತಿಲ್ಲ. ಕೈಯಿಂದ ದುಡ್ಡು ಹಾಕಿ ಅವರನ್ನು ಅತಾಮಿಯ ಬಿಸಿನೀರಿನ ಬುಗ್ಗೆಗೆ ಕಳಿಸುತ್ತಾರೆ. ಅಲ್ಲಿ ರಾತ್ರಿಯಿಡೀ ಪಕ್ಕದ ಕೋಣೆಗಳ ಗದ್ದಲಕ್ಕೆ ನಿದ್ದೆಯಿಲ್ಲ. ಬೆಳಗ್ಗೆ ಸಮುದ್ರದ ಕಟ್ಟೆಯ ಮೇಲೆ ಏಳಹೋದ ತಾಯಿಗೆ ಒಂದು ಕ್ಷಣ ತಲೆ ಸುತ್ತುತ್ತದೆ. ನಾನು ಮಲಗಿದ್ದದ್ದು ಇಲ್ಲಿಯೇ. ಆ ಒಂದು ಓಲಾಟದಲ್ಲಿ ಚಿತ್ರದ ಉಳಿದರ್ಧ ಅಡಗಿದೆ.

ಊರಿಗೆ ಹಿಂತಿರುಗುವ ರೈಲಿನಲ್ಲಿ ತಾಯಿಯ ಆರೋಗ್ಯ ಕೆಡುತ್ತದೆ. ನಾವು ನೋಡುವುದಿಲ್ಲ. ಒಸಾಕಾದ ರೈಲ್ವೆ ಕಚೇರಿಯಲ್ಲಿ ಕೆಲಸ ಮಾಡುವ ಇನ್ನೊಬ್ಬ ಮಗ ಸಹೋದ್ಯೋಗಿಗೆ ಅದನ್ನು ಹೇಳುವಾಗ ಕೇಳಿಸಿಕೊಳ್ಳುತ್ತೇವೆ. ಅವಳು ಸಾಯುವುದನ್ನೂ ನೋಡುವುದಿಲ್ಲ. ಬೆಳಗಿನವರೆಗೆ ಉಳಿಯುವುದು ಕಷ್ಟ ಎಂದು ಹಿರಿಮಗ ಹೇಳುತ್ತಾನೆ. ನಂತರ ಬೆಳಗಿನ ಓನೊಮಿಚಿ, ದಕ್ಕೆ, ಖಾಲಿ ದಾರಿ. ಒಳಗೆ ಬಂದಾಗ ಮಕ್ಕಳು ಹಾಸಿಗೆಯ ಸುತ್ತ ಕುಳಿತಿದ್ದಾರೆ. ಅಪ್ಪ ಇಲ್ಲ. ಹುಡುಕಿಕೊಂಡು ಹೋದ ಸೊಸೆ ನೊರಿಕೊಗೆ ಅವರು ಹೊರಗೆ ಸಿಗುತ್ತಾರೆ, ಸೂರ್ಯೋದಯ ಚೆನ್ನಾಗಿತ್ತು, ಇವತ್ತೂ ಬಿಸಿಲು ಜೋರಾಗುತ್ತದೆ ಎನ್ನುತ್ತಾರೆ. 'ಗುಡ್ ಮಾರ್ನಿಂಗ್'ನ ಹುಡುಗ ಇಲ್ಲಿದ್ದಿದ್ದರೆ ಇದನ್ನೂ ಬೇಡದ ಮಾತು ಎನ್ನುತ್ತಿದ್ದನೇನೋ. ಆ ಚಿತ್ರವನ್ನು ಮೊದಲು ನೋಡಲು ಹೇಳಿದ್ದು ಇದಕ್ಕೇ.

ಐದನೆಯ ಹೆಜ್ಜೆ: ನಗುವನ್ನು ನಂಬಬೇಡಿ, ತಿಂಡಿಯನ್ನು ನಂಬಿ

ಸೆಟ್ಸುಕೋ ಹಾರಾ ನಗುತ್ತಲೇ ಇರುತ್ತಾರೆ. ಮೊದಲಿಗೆ ಅದು ಅತಿಯೆನಿಸುತ್ತದೆ, ಒಪ್ಪುತ್ತೇನೆ. ನಗುವಿನ ಕೊನೆಯನ್ನು ಗಮನಿಸಿ, ತುಟಿ ಮುಚ್ಚುವ ಹೊತ್ತನ್ನು. 'ಟೋಕಿಯೋ ಸ್ಟೋರಿ'ಯಲ್ಲಿ ತಾಯಿಯ ಸಾವಿನ ಬೆನ್ನಿಗೇ ದೊಡ್ಡ ಮಗಳು ಅಮ್ಮನ ಬಟ್ಟೆಯಲ್ಲಿ ತನಗೆ ಯಾವುದು ಬೇಕೆಂದು ಕೇಳಿ ಹೊರಟುಬಿಡುತ್ತಾಳೆ. ಕಿರಿಮಗಳು ಸಿಟ್ಟಾಗಿ, ಬದುಕು ಎಷ್ಟು ಬೇಸರದ್ದು ಅಲ್ಲವೇ ಎಂದು ಅತ್ತಿಗೆಯನ್ನು ಕೇಳುತ್ತಾಳೆ. ನೊರಿಕೊ ನಕ್ಕು ಹೌದು ಎನ್ನುತ್ತಾಳೆ. ಇಷ್ಟು ಹಗುರವಾಗಿ ಇಷ್ಟು ಭಾರದ ಮಾತನ್ನು ಒಪ್ಪಿಕೊಂಡ ಇನ್ನೊಬ್ಬ ನಟಿಯನ್ನು ನಾನು ಕಂಡಿಲ್ಲ.

'ಅರ್ಲಿ ಸಮ್ಮರ್'ನಲ್ಲಿ ಇದಕ್ಕೆ ತಿರುಗುಮುರುಗು. ಹೆಂಡತಿ ಸತ್ತು ಮಗುವಿರುವ ತನ್ನ ಮಗನಿಗೆ ನಿನ್ನಂಥವಳು ಸಿಕ್ಕಿದ್ದರೆ ಎಂದು ಪಕ್ಕದ ಮನೆಯ ತಾಯಿ ಕನಸು ಹೇಳುವಂತೆ ಹೇಳುತ್ತಾಳೆ. ನೊರಿಕೊ ಅಲ್ಲೇ ಒಪ್ಪಿಬಿಡುತ್ತಾಳೆ. ಹಾರುಕೋ ಸುಗಿಮುರಾ ನಟಿಸಿದ ಆ ತಾಯಿಗೆ ಸಂತೋಷದಲ್ಲಿ ಏನು ಮಾಡಬೇಕೆಂದೇ ತಿಳಿಯದೆ, ಸಿಹಿ ಹೂರಣದ ಬನ್ನು ತಿನ್ನುತ್ತೀಯಾ ಎಂದು ಕೇಳುತ್ತಾಳೆ. ಓಜು ಮತ್ತು ಅವರ ಜೊತೆ ಚಿತ್ರಕಥೆ ಬರೆಯುತ್ತಿದ್ದ ಕೋಗೋ ನೋಡಾ, ಇಬ್ಬರೂ ಬೆಟ್ಟದ ಮನೆಯಲ್ಲೋ ಕಡಲ ದಂಡೆಯ ಛತ್ರದಲ್ಲೋ ಸಾಕೇ (ಅಕ್ಕಿಯ ಮದ್ಯ) ಕುಡಿಯುತ್ತ ತಿಂಗಳುಗಟ್ಟಲೆ ಕುಳಿತು ಕಟ್ಟಿದ್ದು ಇಂಥ ಮಾತುಗಳನ್ನು. ಭಾವನೆ ಉಕ್ಕಿದಾಗ ಅವರ ಜನ ಭಾವನೆಯ ಮಾತಾಡುವುದಿಲ್ಲ. ಚಹಾ, ಬನ್ನು, ಹವೆ, ಬಸ್ಸಿನ ಹೊತ್ತು.

ಆರನೆಯ ಹೆಜ್ಜೆ: ಕೆಂಪು ಕೆಟಲ್ ಹುಡುಕಿ

ಇದು ಆಟ. ಬಣ್ಣಕ್ಕೆ ಬಂದ ಮೊದಲ ಚಿತ್ರ 1958ರ 'ಇಕ್ವಿನಾಕ್ಸ್ ಫ್ಲವರ್'. ಕೆಂಪು ಚೆನ್ನಾಗಿ ಬರುತ್ತದೆಂದು ಅವರು ಜರ್ಮನಿಯ ಆಗ್ಫಾ ಫಿಲ್ಮನ್ನು ಆರಿಸಿದರು. ಅದರಲ್ಲೊಂದು ಕೆಂಪು ಕೆಟಲ್ ಇದೆ. ಅದು ಒಂದು ಚಿತ್ರಿಕೆಯಿಂದ ಇನ್ನೊಂದಕ್ಕೆ ಜಾಗ ಬದಲಾಯಿಸುತ್ತದೆ, ಯಾರೂ ಮುಟ್ಟದಿದ್ದರೂ. ಅಜಾಗರೂಕತೆ ಅಲ್ಲ. ಚೌಕಟ್ಟು ಚೆನ್ನಾಗಿ ಕಾಣಲಿ ಎಂದು ವಸ್ತುಗಳನ್ನು ಅವರೇ ಸರಿಸುತ್ತಿದ್ದರು. ಮಕ್ಕಳ ಜೊತೆ ನೋಡುವವರಿಗೆ ಒಳ್ಳೆಯ ಕಾಲಕ್ಷೇಪ.

ಏಳನೆಯ ಹೆಜ್ಜೆ: ಯುದ್ಧವನ್ನು ಮರೆಯಬೇಡಿ

ಓಜು ಚಿತ್ರಗಳು ಮನೆಯೊಳಗಿನ ಪುಟ್ಟ ಲೋಕ, ಹೊರಗಿನ ಚರಿತ್ರೆ ಅಲ್ಲಿಗೆ ಬರುವುದಿಲ್ಲ ಎನ್ನುವವರು ಸರಿಯಾಗಿ ನೋಡಿಲ್ಲ. 'ಟೋಕಿಯೋ ಸ್ಟೋರಿ'ಯ ಸೊಸೆ ಯುದ್ಧದಲ್ಲಿ ಸತ್ತವನ ವಿಧವೆ. 'ಅರ್ಲಿ ಸಮ್ಮರ್'ನ ಮನೆಗೂ ಯುದ್ಧಕ್ಕೆ ಹೋದ ಮಗನೊಬ್ಬ ಹಿಂತಿರುಗಿಲ್ಲ. ಎರಡೂ ಕಡೆ ಆ ಮಗನ ಹೆಸರು ಶೋಜಿ. ಕೊನೆಯ ಚಿತ್ರ 'ಆ್ಯನ್ ಆಟಮ್ ಆಫ್ಟರ್‌ನೂನ್'ನಲ್ಲಿ ಮಾಜಿ ನೌಕಾಧಿಕಾರಿಯೊಬ್ಬ, ಅವನ ಕೈಕೆಳಗಿದ್ದವನೊಬ್ಬ ಬಾರಿನಲ್ಲಿ ಕುಳಿತು ಯುದ್ಧನೌಕೆಯ ಹಾಡಿಗೆ ಸಲ್ಯೂಟ್ ಹೊಡೆಯುತ್ತಾರೆ. ಗೆದ್ದಿದ್ದರೆ ನಾವು ಈಗ ನ್ಯೂಯಾರ್ಕಿನಲ್ಲಿ ಇರುತ್ತಿದ್ದೆವು ಎಂದು ಕೈಕೆಳಗಿನವನು ಹೇಳಿದಾಗ, ಸೋತದ್ದೇ ಒಳ್ಳೆಯದಾಯಿತೇನೋ ಎನ್ನುತ್ತಾನೆ ಅಧಿಕಾರಿ. ನಗುತ್ತಲೇ.

ಓಜು ಅವರೇ 1937ರಲ್ಲಿ ಚೀನಾದ ಯುದ್ಧಭೂಮಿಗೆ ಸೈನಿಕರಾಗಿ ಹೋಗಿದ್ದವರು. 1943ರಲ್ಲಿ ಅವರನ್ನು ಸಿಂಗಪುರಕ್ಕೆ ಕಳಿಸಿದ್ದರ ಹಿಂದೆ ನಮಗೆ ಕುತೂಹಲದ ಒಂದು ಸಂಗತಿಯಿದೆ: ಭಾರತದ ಸ್ವಾತಂತ್ರ್ಯ ಹೋರಾಟದ ಬಗ್ಗೆ, ಸುಭಾಷಚಂದ್ರ ಬೋಸರ ಸೇನೆಯ ಬಗ್ಗೆ, ಒಂದು ಪ್ರಚಾರ ಚಿತ್ರ ಮಾಡಬೇಕಿತ್ತು. ಚಿತ್ರ ಮುಗಿಯಲಿಲ್ಲ. ಅಲ್ಲಿ ಅವರು ಮಾಡಿದ ದೊಡ್ಡ ಕೆಲಸವೆಂದರೆ ವಶಪಡಿಸಿಕೊಂಡ ಅಮೆರಿಕನ್ ಚಿತ್ರಗಳನ್ನು, 'ಸಿಟಿಜನ್ ಕೇನ್' ಸಮೇತ, ಕುಳಿತು ನೋಡಿದ್ದು. ಅವರನ್ನು 'ಅಪ್ಪಟ ಜಪಾನಿ' ಎಂದು ಕರೆಯುವವರಿಗೆ ಇದನ್ನು ನೆನಪಿಸಬೇಕು. ಹರೆಯದಿಂದಲೂ ಹಾಲಿವುಡ್ ಅವರ ಪಾಠಶಾಲೆ. 'ಟೋಕಿಯೋ ಸ್ಟೋರಿ'ಯ ಹಿಂದೆಯೂ ಲಿಯೋ ಮೆಕ್ಯಾರಿ ಅವರ 1937ರ ಅಮೆರಿಕನ್ ಚಿತ್ರವೊಂದರ ನೆರಳಿದೆ.

ಎಂಟನೆಯ ಹೆಜ್ಜೆ: ಹಿಂದಕ್ಕೆ ಹೋಗಿ

ಐದು ಚಿತ್ರ ಮುಗಿದ ಮೇಲೆ 1932ರ ಮೂಕಿ 'ಐ ವಾಸ್ ಬಾರ್ನ್, ಬಟ್' ನೋಡಿ. ತಮ್ಮ ಅಪ್ಪ ಯಜಮಾನನೆದುರು ಕೋಡಂಗಿಯಂತೆ ಕುಣಿಯುವುದನ್ನು ಕಂಡ ಇಬ್ಬರು ಹುಡುಗರು ಊಟ ಬಿಡುತ್ತಾರೆ. 'ಗುಡ್ ಮಾರ್ನಿಂಗ್'ನ ಹುಡುಗರು ಮಾತು ಬಿಟ್ಟದ್ದು ನೆನಪಾಗಬೇಕು. ಆದರೆ ಹಳೆಯ ಚಿತ್ರದಲ್ಲಿ ಅವಮಾನ ಹೆಚ್ಚು ಉರಿಯುತ್ತದೆ. ಮುದಿಯಾಗುತ್ತ ಓಜು ಮೆತ್ತಗಾದರೋ, ಸಿಟ್ಟನ್ನು ಇನ್ನೂ ಒಳಗೆ ಹೂತರೋ ಎಂಬುದು ನನಗೆ ಈಗಲೂ ಬಗೆಹರಿದಿಲ್ಲ. 1903ರ ಡಿಸೆಂಬರ್ 12ರಂದು ಹುಟ್ಟಿ, 1963ರ ಅದೇ ದಿನ ತೀರಿಕೊಂಡರು, ಸರಿಯಾಗಿ ಅರವತ್ತು. ಮದುವೆಯಾಗಲಿಲ್ಲ, ತಾಯಿಯ ಜೊತೆಯಲ್ಲೇ ಇದ್ದರು. ಕಾಮಾಕುರಾದ ಎಂಗಾಕುಜಿ ದೇವಾಲಯದಲ್ಲಿರುವ ಅವರ ಸಮಾಧಿಯ ಮೇಲೆ ಹೆಸರಿಲ್ಲ, 'ಇಲ್ಲ' ಎಂಬರ್ಥದ ಒಂದೇ ಅಕ್ಷರವಿದೆ. ನೋಡಲು ಹೋದವರು ಅಲ್ಲಿ ಸಾಕೇ ಬಾಟಲಿ ಇಟ್ಟು ಬರುತ್ತಾರೆ.

ಕೊನೆಯದಾಗಿ, 'ಟೋಕಿಯೋ ಸ್ಟೋರಿ'ಯನ್ನು ಎರಡನೆಯ ಸಲ ನೋಡುವಾಗ ಮೊದಲ ಐದು ನಿಮಿಷವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಅಪ್ಪ ಅಮ್ಮ ಪ್ರಯಾಣಕ್ಕೆ ಗಂಟು ಕಟ್ಟುತ್ತಿರುತ್ತಾರೆ. ಗಾಳಿ ತುಂಬುವ ದಿಂಬು ಎಲ್ಲಿ ಎಂದು ಅಪ್ಪ ಕೇಳುತ್ತಾರೆ, ನಿಮಗೇ ಕೊಟ್ಟೆನಲ್ಲ ಎನ್ನುತ್ತಾಳೆ ಹೆಂಡತಿ, ಇಲ್ಲ ಎಂದು ವಾದಿಸಿ ಕೊನೆಗೆ ತಮ್ಮ ಚೀಲದಲ್ಲೇ ಅದನ್ನು ಕಂಡು ಸುಮ್ಮನಾಗುತ್ತಾರೆ. ಕಿಟಕಿಯಾಚೆ ಹೋಗುತ್ತಿದ್ದ ನೆರೆಮನೆಯಾಕೆ ನಿಂತು ಪ್ರಯಾಣ ವಿಚಾರಿಸುತ್ತಾಳೆ. ಎರಡು ಗಂಟೆಯ ನಂತರ ಅದೇ ಕೋಣೆ, ಅದೇ ಕಿಟಕಿ, ಅದೇ ನೆರೆಯಾಕೆ ಬಂದು ಮಾತಾಡಿಸುತ್ತಾಳೆ. ಇನ್ನು ಮೇಲೆ ಹಗಲು ಬಹಳ ಉದ್ದವೆನಿಸುತ್ತದೆ ಎನ್ನುತ್ತಾರೆ ಅಪ್ಪ. ಅವಳು ಹೋಗುತ್ತಾಳೆ. ಅವರು ಬೀಸಣಿಗೆ ಬೀಸಿಕೊಳ್ಳುತ್ತ ಕೂತಿರುತ್ತಾರೆ, ಕೆಳಗೆ ಬಂದರಿನಲ್ಲಿ ದೋಣಿಯೊಂದು ಸದ್ದು ಮಾಡುತ್ತ ಸಾಗುತ್ತದೆ.